ಮಾವನ ಊರಿನಲ್ಲಿ ದಾಳದ ಉಪನ್ಯಾಸ

ಎದುರಿಗೆ ಕೂತವರಿಗೆ ಹೆದರುವ ಮೇಷ್ಟರು ನಾನೊಬ್ಬನೇ ಅಲ್ಲ. ಆದರೆ ತರಗತಿಯ ಹುಡುಗರಿಗೆ ಹೆದರಿದರೆ ಗಂಟೆ ಹೊಡೆದಾಗ ಭಯ ಮುಗಿಯುತ್ತದೆ. ಮಾವನಿಗೆ ಹೆದರಿದವನಿಗೆ ಆ ಗಂಟೆಯನ್ನು ಯಾರೂ ಹೊಡೆಯುವುದಿಲ್ಲ.

ಎರಡನೆಯ ಮಹಾಯುದ್ಧದ ಕಾಲ. ನಾನು ಬೆಂಗಳೂರಿನ ಕಾಲೇಜೊಂದರಲ್ಲಿ ಗಣಿತದ ಮೇಷ್ಟರು. ವಿಶ್ವವಿದ್ಯಾನಿಲಯದವರು ಹಳ್ಳಿಗಳಲ್ಲಿ ಉಪನ್ಯಾಸ ಮಾಡಿಸುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಎರಡು ವಿಷಯ: ಬೀಜಗಣಿತದಿಂದ ರೇಖಾಗಣಿತವನ್ನು ಅರಿಯುವ ಬಗೆ, ಮತ್ತು ದಾಳ ಬೀಳುವುದರ ಸಂಭವ. ಊರು ತೂಬಗೆರೆ. ಅದು ನನ್ನ ಮಾವ ಮುನಿಶಾಮಪ್ಪನವರ ಊರು. ಸಭೆಯ ಅಧ್ಯಕ್ಷರೂ ಅವರೇ.

ಹೆಣ್ಣು ಕೊಡುವ ಮುಂಚೆ ಮಾವನವರು ನನ್ನ ಸಂಬಳ ವಿಚಾರಿಸಿರಲಿಲ್ಲ. "ಜೂಜಿನ ಹುಚ್ಚು ಏನಾದ್ರೂ ಇದೆಯಾ?" ಎಂಬ ಒಂದೇ ಮಾತು ಕೇಳಿದ್ದರು. ಅಂಥವರ ಮುಂದೆ, ಅವರದೇ ಊರಿನ ಜನರೆದುರು, ಜೇಬಿನಿಂದ ದಾಳ ತೆಗೆಯುವುದು ಹೇಗೆ? ಹೆಂಡತಿಗೆ ಹೇಳಿಕೊಂಡೆ. "ಅಪ್ಪ ಏನೂ ಅನ್ನಲ್ಲ, ಬರೀ ನೋಡ್ತಾರೆ" ಎಂದು ಧೈರ್ಯ ತುಂಬಿದಳು. ಆ ನೋಟ ನೆನೆದೇ ನನಗೆ ಊಟ ಸೇರಲಿಲ್ಲ. ಪೆಟ್ರೋಲ್ ಸಿಗದ ಆ ದಿನಗಳಲ್ಲಿ ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಬಸ್ಸು ದೊಡ್ಡಬಳ್ಳಾಪುರದಾಚೆ ಕೆಟ್ಟು ನಿಂತಾಗ ಇಡೀ ಬಸ್ಸಿನಲ್ಲಿ ಸಂತೋಷಪಟ್ಟವನು ನಾನೊಬ್ಬನೇ. ಹಾಳಾದ್ದು, ಮತ್ತೆ ಹೊರಟಿತು.

ಶಾಲೆಯ ಅಂಗಳ ತುಂಬಿತ್ತು. ಬೀಜಗಣಿತ ಎಂಬುದರಲ್ಲಿ ಬೀಜವನ್ನಷ್ಟೇ ಕೇಳಿಸಿಕೊಂಡ ಕೆಲವರು ಖಾಲಿ ಚೀಲ ಹಿಡಿದು ಬಂದಿದ್ದರು. ಎದುರಿಗೆ ಚೀಲಗಳು, ಪಕ್ಕದ ಕುರ್ಚಿಯಲ್ಲಿ ಮೀಸೆಯ ಮಾವ. ಸಮೀಕರಣ ಒಂದು ಬರೆದರೆ ಒಂದು ವಕ್ರರೇಖೆ, ಇನ್ನೊಂದು ಬರೆದರೆ ಇನ್ನೊಂದು, ಅವೆರಡೂ ಎಲ್ಲೆಲ್ಲಿ ಕೂಡುತ್ತವೆ ಎಂದು ಶುರುಮಾಡಿದೆ. ದಾಳಕ್ಕೆ ಹೊರಳಬೇಕಾದಾಗಲೆಲ್ಲ ಮಾವನವರ ಕಣ್ಣು ಕಂಡು ಮತ್ತೊಂದು ವಕ್ರರೇಖೆ ಎಳೆದೆ. ಹಲಗೆ ತುಂಬಿತು, ಒರೆಸಿ ಮತ್ತೆ ಎಳೆದೆ. ಜನ ಏಳಲಿಲ್ಲ. ಕೊನೆಗಾದರೂ ಬೀಜ ಕೊಟ್ಟೇ ಕೊಡುತ್ತೇನೆಂದು ನಂಬಿದ್ದರು. ಬೆವರು ಒರೆಸಲು ಕರವಸ್ತ್ರ ಎಳೆದೆ ನೋಡಿ, ಜೊತೆಗೆ ಎರಡೂ ದಾಳ ಹೊರಬಿದ್ದು, ಉರುಳಿ, ಮಾವನವರ ಕಾಲ ಬಳಿ ನಿಂತವು. ಅವರು ಬಗ್ಗಿ ಎತ್ತಿ ತಮ್ಮ ಜೇಬಿಗೆ ಹಾಕಿಕೊಂಡರು. ಆಮೇಲೆ ಉಪನ್ಯಾಸ ಹೇಗೆ ಮುಗಿಸಿದೆನೋ ನನಗೇ ತಿಳಿಯದು.

ಮನೆಗೆ ನಡೆಯುವಾಗ ಹುಣಸೆಮರದ ಕೆಳಗೆ ಮಾವ ನಿಂತರು. ಸುತ್ತ ನೋಡಿದರು.

"ಅಳಿಯಂದ್ರೇ, ದಾಳದ ವಿಚಾರ ಹೇಳ್ತೀರಿ ಅಂತ ಕಾದಿದ್ದೆ. ಜೋಡಿ ದಾಳದಲ್ಲಿ ಹನ್ನೆರಡು ಬೀಳೋದು ಎಷ್ಟಕ್ಕೊಂದು ಸಲ?"

"ಸರಾಸರಿ ಮೂವತ್ತಾರಕ್ಕೊಂದು ಸಲ, ಮಾವ."

"ನಿಮ್ಮ ದಾಳಕ್ಕೆ ಆರು ಮುಖ. ಪಗಡೆ ದಾಳಕ್ಕೆ ನಾಕೇ ಅಲ್ವಾ, ಒಂದು, ಮೂರು, ನಾಕು, ಆರು?"

"ಹಾಗಾದ್ರೆ ಹದಿನಾರಕ್ಕೊಂದು."

ಅವರು ಬೆರಳು ಮಡಚಿ ಹದಿನಾರು ಎಣಿಸಿದರು. "ಇದನ್ನ ಯಾರಾದ್ರೂ ಆಗ್ಲೇ ಹೇಳಿದ್ದಿದ್ರೆ ನನ್ನ ಬಿಳಿ ಎತ್ತಿನ ಜೋಡಿ ಉಳೀತಿತ್ತು. ಕಳ್ಳರು ಹೊಡ್ಕೊಂಡು ಹೋದ್ರು ಅಂತ ನಿಮ್ಮತ್ತೆಗೆ ಹೇಳಿದೀನಿ. ನೀವೂ ಹಂಗೇ ಅಂದ್ಕೊಂಡಿರಿ."

ಅಂದಿಗೆ ಮಾವನವರ ಭಯ ಬಿಟ್ಟಿತು. ಈಗ ಇರುವುದು ಅತ್ತೆಯವರದು. ಹಬ್ಬಕ್ಕೆ ಹೋದಾಗಲೆಲ್ಲ ಅವರು ಬಡಿಸುತ್ತ ಆ ಎತ್ತುಗಳನ್ನು ನೆನೆದು ಕಳ್ಳನಿಗೆ ಮನಸಾರೆ ಶಾಪ ಹಾಕುತ್ತಾರೆ. ಮಾವ ತಲೆ ಬಗ್ಗಿಸಿ ಮುದ್ದೆ ಮುರಿಯುತ್ತಾರೆ. "ನೀವು ಲೆಕ್ಕ ಓದಿದೋರು, ಹೇಳಿ. ಆ ಕಳ್ಳ ಸಿಕ್ಕೋ ಸಂಭವ ಏನಾದ್ರೂ ಇದೆಯಾ?" ಎಂದು ಅತ್ತೆ ನನ್ನ ಕಡೆ ತಿರುಗುತ್ತಾರೆ. ಇದೆ ಎಂದರೆ ಮಾವನಿಗೆ ದ್ರೋಹ, ಇಲ್ಲ ಎಂದರೆ ಗಣಿತಕ್ಕೆ. ನಾನು ಇನ್ನೊಂದು ಸೌಟು ಸಾರು ಕೇಳುತ್ತೇನೆ.