ಇ-ಮೇಲಿನ ಹಲ್ಲು ನೋಡಿದ್ದು

ಸುಳ್ಳು ಹೇಳೋದು ನನ್ನ ಗುತ್ತಿಗಿ. ಅದಕ್ಕ ಬ್ಯಾರೆಯವರು ಸುಳ್ಳು ಹೇಳಬೇಕಂದ್ರ ಅಪ್ಪಣಿ ಕೇಳಾಕ ನನ್ನ ಮನಿಗೇ ಬರತಾರ. ಸಾಲಿ ಮೆಟ್ಟಲ ಹತ್ತಿದವನಲ್ಲ. ನಾ ಹೇಳಿದ್ದನ್ನ ಸೊಸಿ ಬರದಾಳ.

ಅವಸರದ ಕುರಿ

ಹಿಪ್ಪರಗಿ ಬ್ಯಾರೇಜಿನ ಮ್ಯಾಲೆ ಕೆಮ್ಮಿದ ಕುರಿಯ ವಯಸ್ಸು ದೂರದ ಗಲಗಲಿ ಊರಾಗ ಕುಂತು ಹೇಳಿದ ಕುರಿ ದಲ್ಲಾಳಿ ನಾನು. ಒಂದಿನ ಸೊಸಿ ಮೊಬೈಲ್ ಹಿಡಕೊಂಡು ಓಡಿ ಬಂದ್ಲು.

"ಮಾವಾರ, ಬ್ಯಾಂಕಿನಿಂದ ಇ-ಮೇಲ್ ಬಂದೈತ್ರಿ. ಸಂಜಿಯೊಳಗ ಲಿಂಕ್ ಒತ್ತಲಿಲ್ಲಂದ್ರ ಖಾತಿ ಬಂದ್ ಅಂತ್ರಿ!"

"ಸಂತ್ಯಾಗ ಅವಸರ ಮಾಡಿ ಮಾರೋ ಕುರಿಗೆ ರೋಗ ಇರತೈತಿ. ಮೊದಲ ಹಲ್ಲು ನೋಡು, ಖರೆ-ಸುಳ್ಳು ಅಲ್ಲೇ ತಿಳೀತೈತಿ."

"ಇ-ಮೇಲಿಗೆ ಎಲ್ಲಿ ಹಲ್ಲುರಿ?"

"ಕಳಿಸಿದವನ ವಿಳಾಸ ಓದು."

ಮ್ಯಾಲೆ ಬ್ಯಾಂಕಿನ ಹೆಸರು, ಕೆಳಗ ಅರ್ಥಾನೇ ಇಲ್ಲದ ಅಕ್ಷರ. ಅಳಿಸಿ ಹಾಕಿದ್ಲು. ಅಂದಿನಿಂದ ನನಗ ಚಾದಾಗ ಸಕ್ಕರಿ ಜಾಸ್ತಿ.

ಪ್ರಿಯ ಗ್ರಾಹಕ

ಬನಹಟ್ಟಿಯ ನಮ್ಮ ಬೀಗರು ಮಗ್ಗದವರು. ಸೀರಿ ಮಾರಿದ ರೊಕ್ಕೆಲ್ಲ ಖಾತ್ಯಾಗ; ಅದು ಹೋದ್ರ ನೂಲಿಲ್ಲ, ಮಗ್ಗ ನಿಂತಂಗ. ನಾ ಹೋದಾಗ ಅಂಥದೇ ಇ-ಮೇಲಿನ ಲಿಂಕ್ ಒತ್ತಿ, ಪಾಸ್‌ವರ್ಡ್ ಹಾಕಾಕ ಬೆರಳು ಎತ್ತಿದ್ರು. ಹೆಗಲ ಮ್ಯಾಲಿನ ಟವೆಲ್ ತಗದು ಮೊಬೈಲ್ ಮ್ಯಾಲೆ ಒಗದೆ.

"ಇದೇನ್ರಿ ಬೀಗರ?"

"ಕುರಿ ರೇಟು ನಾವು ಟವೆಲ್ ಕೆಳಗ ಬೆರಳು ಹಿಡಿದು ಹೇಳ್ತೀವಿ, ಅದೂ ಎದುರಿಗೆ ಕುಂತವಗ. ಮಾರಿ ಕಾಣದವ ಗುಟ್ಟು ಕೇಳಿದ್ರ ಕೊಡ್ತೀರೇನ? ನಿಮ್ಮ ಹೆಸರರ ಬರದಾನೇನ?"

"ಇಲ್ಲರಿ, ಬರೇ ಪ್ರಿಯ ಗ್ರಾಹಕರೇ ಅಂತೈತಿ."

ಒಳಗಿಂದ ಬೀಗತಿ ಒದರಿದ್ರು: "ಇಷ್ಟು ವರ್ಷದಾಗ ನಾನೇ ಇವರಿಗೆ ಪ್ರಿಯ ಅಂದಿಲ್ಲ, ಅವ ಯಾವ ಮೂಳ?"

ಮ್ಯಾನೇಜರ್ ಪರೀಕ್ಷಾ

ಲಿಂಕ್ ಒತ್ತಿಬಿಟ್ಟಿದ್ದಕ್ಕ ಬೀಗರ ಎದಿ ಮಗ್ಗದಂಗ ಬಡಕೊಳ್ಳಾಕತ್ತಿತ್ತು. ಇಬ್ಬರೂ ಬ್ಯಾಂಕಿಗೆ ಹೋದ್ವಿ. ಹೊಸ ಮ್ಯಾನೇಜರ್ರು ಖಾತಿ ನೋಡಿ, "ರೊಕ್ಕ ಹಂಗೇ ಐತ್ರಿ. ಯಜಮಾನ್ರ, ಲಗೂನ ಪಾಸ್‌ವರ್ಡ್ ಬದಲಿ ಮಾಡ್ರಿ" ಅಂದ್ರು.

ನನ್ನ ಕಿವಿ ನಿಗರಿದವು. ಲಗೂ ಅಂದ. ಹೆಸರು ಹಿಡಿಲಿಲ್ಲ. ಪಾಸ್‌ವರ್ಡ್ ಮಾತು ತಗದ!

"ಬೀಗರ, ಬಾಗಲಾ ಹಾಕ್ರಿ! ಇವನೂ ಆ ಇ-ಮೇಲ್ ಕಳ್ಳರ ಪೈಕಿ!" ಅಂದು ಮ್ಯಾನೇಜರ್ ಕಡೆ ತಿರುಗಿ, "ಹಲ್ಲು ತೋರಸ್ರಿ" ಅಂದೆ.

ಅವರು ಹೊಟ್ಟಿ ಹಿಡಕೊಂಡು ನಕ್ಕರು. ಮುತ್ತಿನಂಥಾ ಸಾಲು! "ಬಿಡ್ರಿ ಬೀಗರ, ಖರೆ ಮ್ಯಾನೇಜರ್ ಅದಾರ. ಈ ಕಣ್ಣು ಇವತ್ತಿಗೂ ಮೋಸ ಹೋಗಿಲ್ಲ" ಅಂದೆ. ಬೀಗರು ನಿಶ್ಚಿಂತಿಯಿಂದ ಪಾಸ್‌ವರ್ಡ್ ಬದಲಿ ಮಾಡಿದ್ರು.

ನಗು ತಡಿಲಾರದ ಮ್ಯಾನೇಜರ್ರು ಬಾಯಿಗೆ ಕೈ ಹಾಕಿ, ಹಲ್ಲಿನ ಸೆಟ್ಟು ತಗದು ಟೇಬಲ್ ಮ್ಯಾಲೆ ಇಟ್ಟು, ಬೊಚ್ಚ ಬಾಯಿಲೆ ಕೇಳಿದ್ರು:

"ಅಜ್ಜಾರ, ಈಗ ನಾ ಖರೆನೋ, ಸುಳ್ಳೋ?"