ಮೂವತ್ತೆರಡಕ್ಕೆ ಕುದುರಿದ ವ್ಯವಹಾರ

ಚೌಕಾಸಿಗೆ ಕೂತು ಬೇಗ ಸೋಲುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೂಡಿಗೆರೆ ಬಸ್ ಸ್ಟ್ಯಾಂಡಿನ ಪಕ್ಕ ಗೋಣಿಚೀಲ ಮಾರುತ್ತಿದ್ದವನು ಇವತ್ತು ಕಾಫಿ ಕೊಳ್ಳುವ ಅಂಗಡಿ ಇಟ್ಟಿದ್ದರೆ ಅದು ಈ ಬಾಯಿಯ ಬಲ. ವ್ಯಾಪಾರಕ್ಕಿಳಿಯುವವರಿಗೆ ನನ್ನದೊಂದು ಬಿಟ್ಟಿ ಸಲಹೆ: ಎದುರಿನವರು ಮೊದಲು ಹೇಳಿದ ಅಂಕಿಯನ್ನು ಎಂದೂ ನಂಬಬೇಡಿ. ಡಾಕ್ಟರು ಹೇಳುವ ಬಿ.ಪಿ.ಯನ್ನೂ ನಾನು ಒಂದಿಷ್ಟು ಇಳಿಸಿಯೇ ಬರುತ್ತೇನೆ.

ನನ್ನ ಅಂಗಡಿಯ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿದೆ. ವರ್ಚುವಲ್ ಮಷೀನ್ ಅನ್ನುತ್ತಾರೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಕೈಕೊಡುವುದು ಮಾತ್ರ ನಿಜವಾದದ್ದರ ಹಾಗೆಯೇ. ತೂಕ, ಬಿಲ್ಲು, ಬೆಳೆಗಾರರಿಗೆ ಮೆಸೇಜು ಎಲ್ಲವೂ ಅದರೊಳಗೆ. ಕುಯ್ಲಿನ ಕಾಲದಲ್ಲಿ ಪಿಕಪ್‌ಗಳು ರಸ್ತೆವರೆಗೆ ಸಾಲುಗಟ್ಟಿದಾಗ ಅದು ತೇಕತೊಡಗಿತು. ಎದುರುಗಡೆ ಹೊಸದಾಗಿ ಅಂಗಡಿ ತೆರೆದವನು ಕುರ್ಚಿ ಹಾಕಿಕೊಂಡು ನನ್ನ ಸಾಲನ್ನೇ ನೋಡುತ್ತಿದ್ದ. ಕಂಪ್ಯೂಟರ್ ರಿಪೇರಿಯ ಸವಿತಾಳನ್ನು ಕರೆಸಿದೆ.

ಅವಳು ಪರದೆಯ ಮೇಲೊಂದು ಅಂಕಿ ತೋರಿಸಿದಳು. ಬಂದ ಕೆಲಸವನ್ನು ಹಂಚಿಕೊಂಡು ಮಾಡಲು ಒಳಗೆ ವರ್ಕರ್ ಥ್ರೆಡ್ ಎಂಬ ಆಳುಗಳಿವೆಯಂತೆ. ಒಂದೇ ಸಲಕ್ಕೆ ಎಷ್ಟು ಆಳು ಇಳಿಯಬಹುದು ಎಂಬ ಮಿತಿ ಅದಂತೆ. ಎರಡಿತ್ತು.

"ನಾಲ್ಕು ಮಾಡ್ತೀನಿ ಅಂಕಲ್. ಈ ಮಷೀನಿಗೆ ಕೊಟ್ಟಿರೋ ಕೋರೇ ನಾಲ್ಕು, ಅಂದ್ರೆ ಲೆಕ್ಕ ಮಾಡೋ ಮಿದುಳು ನಾಲ್ಕೇ."

"ಎಂಥ ನಾಲ್ಕು? ಅರವತ್ನಾಲ್ಕು ಹಾಕು!"

"ಅಯ್ಯೋ, ಅಷ್ಟೆಲ್ಲ ಆಗಲ್ಲ. ಬೇಕಾದ್ರೆ ಎಂಟು ಹಾಕಿ ನೋಡಾಣ."

ಒಂದೇ ಉಸಿರಿಗೆ ಎರಡರಷ್ಟು! ಹಿಂಡಿದರೆ ಇನ್ನೂ ರಸ ಬರುತ್ತದೆ ಎಂದು ಗೊತ್ತಾಯಿತು. ಎದ್ದು ಹೋಗುವವನಂತೆ ನಟಿಸಿದೆ, ಕಾಫಿ ತರಿಸಿದೆ, ಅವಳಪ್ಪನ ಗೆಳೆತನ ನೆನಪಿಸಿದೆ. ಕೊನೆಗೆ ಮೂವತ್ತೆರಡಕ್ಕೆ ಕುದುರಿತು. "ನಿಮ್ಮಿಷ್ಟ ಅಂಕಲ್" ಎಂದು ಅಂಕಿ ಒತ್ತಿ ಹೋದಳು. ನಾನು ಮನೆಗೆ ಹೋಗಿ ಒಂದು ಹೋಳಿಗೆ ಹೆಚ್ಚಿಗೆ ತಿಂದೆ.

ಮರುದಿನ ಬೆಳಿಗ್ಗೆ ಪರದೆ ಕಲ್ಲಾಗಿ ಕೂತಿತು. ತಕ್ಕಡಿಯ ಮೇಲೆ ಪುಟ್ಟೇಗೌಡರ ಪಾರ್ಚ್‌ಮೆಂಟ್ ಕಾಫಿ, ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಬೀಜ. ಬಿಲ್ಲಿನ ಸುದ್ದಿಯೇ ಇಲ್ಲ. ನನ್ನ ಮೊದಲ ದಿನದಿಂದ ನನಗೇ ಮಾರುತ್ತಿದ್ದ ಮನುಷ್ಯ ಅವರು.

"ಎಂಥ ಮಾರಾಯ, ಕಾಫಿ ತೂಗ್ತೀಯೋ, ಇಲ್ಲೇ ಮೊಳಕೆ ಬರಿಸ್ತೀಯೋ?" ಎಂದವರು, ಕಾದು ಕಾದು ಚೀಲಗಳನ್ನು ಮತ್ತೆ ಪಿಕಪ್ಪಿಗೆ ಹೇರಿಸಿ ನೇರ ಎದುರಿನ ಅಂಗಡಿಗೆ ನಡೆದರು. ಆ ಹಲ್ಕಟ್ ತನ್ನ ಕುರ್ಚಿಯನ್ನೇ ಒರೆಸಿ ಕೊಟ್ಟ!

ನೆತ್ತಿಗೇರಿದ ಸಿಟ್ಟಿನಲ್ಲಿ ಫೋನ್ ಮಾಡಿ ಕೂಗಾಡಿದೆ. ಸವಿತಾ ಬಂದು ನೋಡಿ ಹೇಳಿದಳು: "ಇರೋ ನಾಲ್ಕು ಕೋರಿಗೆ ಮೂವತ್ತೆರಡು ಥ್ರೆಡ್ ಮುಗಿಬಿದ್ದಿವೆ. ಇದರ ಕೈಯಿಂದ ಅದು ಕಿತ್ಕೊಳ್ಳೋದು, ಅದರ ಕೈಯಿಂದ ಇದು. ಹೊತ್ತೆಲ್ಲ ಅದಕ್ಕೇ ಹೋಗ್ತಿದೆ. ನಿಮ್ಮ ಒಣಗಿಸೋ ಕಣಕ್ಕೆ ನಾಲ್ಕೇ ಹಲಗೆ ಕೊಟ್ಟು, ಕಾಫಿ ಎಳೆದು ಹರಡ್ಲಿಕ್ಕೆ ಮೂವತ್ತೆರಡು ಆಳು ಬಿಡ್ತೀರಾ?"

ಹಾಗೆ ಬಿಟ್ಟ ಮೇಸ್ತ್ರಿಯ ಚರ್ಮ ಸುಲಿಯುತ್ತೇನೆ. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು. "ಗೊತ್ತಿದ್ದೂ ನಿನ್ನೆ ಯಾಕೆ ಬಿಟ್ಕೊಟ್ಟೆ? ನಾಲ್ಕು ಅಂದ್ಮೇಲೆ ನಾಲ್ಕಕ್ಕೇ ಕೂರ್ಬೇಕು! ಹೀಗೆ ಎಲ್ಲರಿಗೂ ಸೋಲ್ತಾ ಹೋದ್ರೆ ನೀನು ಉದ್ಧಾರ ಆಗ್ತೀಯಾ?"

"ಸರಿ ಅಂಕಲ್. ನಾಲ್ಕು."

"ಆರು ಹಾಕು, ನನ್ನ ಮರ್ಯಾದೆಗಾದ್ರೂ."

"ಮೂರು."

ನಾನು ತಕ್ಷಣ ಕೈಮುಗಿದೆ. "ನಾಲ್ಕೇ ಇರ್ಲಿ ಮಾರಾಯ್ತಿ."

ಸಾಲು ಸರಸರ ಕರಗಿತು. ಎದುರಿನಿಂದ ಖಾಲಿ ಪಿಕಪ್ ತಿರುಗಿಸಿಕೊಂಡು ಬಂದ ಪುಟ್ಟೇಗೌಡರು ಕಿಟಕಿಯಿಂದ ತಲೆ ಹಾಕಿದರು. "ಸರಿಯಾಯ್ತನಾ?"

"ಆಗದೆ ಏನು ಗೌಡ್ರೆ?" ಎಂದೆ. "ಆ ಹುಡುಗಿ ಮೂರು ಅಂತ ಹಟ ಹಿಡಿದು ಕೂತಿದ್ಲು. ನಾನು ಬಿಡ್ತೀನಾ? ನಾಲ್ಕಕ್ಕೆ ಏರಿಸ್ದೆ."