ಗೌಂಡಿ ಕಾಕಾ ಮತ್ತು ಸಂತ ತೋಮಾಸ

ಬಬಲೇಶ್ವರದ ನಮ್ಮ ಮನೆ ಇವತ್ತು ಭೂಮಿಯ ಮೇಲೆ ನಿಂತಿದ್ದರೆ ಅದಕ್ಕೆ ಅಪ್ಪನ ಹಟವೇ ಕಾರಣ. ಗೌಂಡಿ ಕಾಕಾನಿಗೆ ಬಿಟ್ಟಿದ್ದರೆ ಅದು ಸ್ವರ್ಗದಲ್ಲಿರುತ್ತಿತ್ತು!

ಗೌಂಡಿ ಎಂದರೆ ನಮ್ಮ ಕಡೆ ಗೋಡೆ ಕಟ್ಟುವವರು. ಕಾಕಾ ಕಡಲ ಕಡೆಯ ಕ್ಯಾಥೊಲಿಕರು. ವಿಜಾಪುರಕ್ಕೆ ಬಂದು ಎಷ್ಟೋ ವರ್ಷವಾಗಿ ಮಾತೆಲ್ಲ ನಮ್ಮಂತೆಯೇ ಆಗಿತ್ತು. ಜೋರಾಪುರ ಪೇಟೆಯ ಒಂದು ಕೋಣೆಯಲ್ಲಿ ಒಬ್ಬರೇ ಇದ್ದರು. ಎಪ್ಪತ್ತರ ದಶಕದ ಆರಂಭದಲ್ಲಿ ಅಪ್ಪ ಮನೆ ಕಟ್ಟಲು ಅವರನ್ನು ಕರೆಸಿದಾಗ ನಾನು ಅದೇ ಪೇಟೆಯಲ್ಲಿ ಅತ್ತೆಯ ಮನೆಯಲ್ಲಿದ್ದು ಶಾಲೆಯಲ್ಲಿ ಕಲಿಸುತ್ತಿದ್ದೆ. ರಜೆಗೆ ಊರಿಗೆ ಹೋದಾಗಲೆಲ್ಲ ಕಾಕಾನ ಹೊಸದೊಂದು ಪ್ರತಾಪ ಕಿವಿಗೆ ಬೀಳುತ್ತಿತ್ತು.

ಅವರಿಗೆ ಯಾವುದರ ಮೇಲೂ ನಂಬಿಕೆಯಿಲ್ಲ. ದಾರಕ್ಕೆ ಗುಂಡು ಕಟ್ಟಿ ಗೋಡೆ ನೆಟ್ಟಗಿದೆ ಎಂದು ನೋಡಿದ ಮೇಲೂ ಕಣ್ಣು ಮುಚ್ಚಿ ಅಂಗೈಯಿಂದ ಸವರಬೇಕು. ಅವ್ವ ಚಹಾಕ್ಕೆ ಸಕ್ಕರೆ ಹಾಕಿದ್ದೇನೆ ಎಂದರೆ ಬೆರಳದ್ದಿ ನೆಕ್ಕಬೇಕು. ಬಸ್ಸಿನ ಮೇಲೆ ತಿಕೋಟಾ ಎಂದು ದೊಡ್ಡದಾಗಿ ಬರೆದಿದ್ದರೂ ಡ್ರೈವರನ್ನು, ಕಂಡಕ್ಟರನ್ನು, ಕಿಟಕಿಯ ಪಕ್ಕ ಕುಳಿತ ಮುದುಕಿಯನ್ನು ವಿಚಾರಿಸುತ್ತ ನಿಲ್ಲುವರು. ಅಷ್ಟರಲ್ಲಿ ಬಸ್ಸು ತಿಕೋಟಾದ ದಾರಿ ಹಿಡಿದಿರುತ್ತಿತ್ತು. ಯಾರಾದರೂ ನಕ್ಕರೆ, ಏಸುವಿನ ಶಿಷ್ಯ ತೋಮಾಸನೂ ಹೀಗೇ ಇದ್ದ, ಸತ್ತ ಗುರು ಎದ್ದು ಬಂದಿದ್ದಾನೆ ಎಂದರೆ ಗಾಯ ಮುಟ್ಟಿ ನೋಡದೆ ನಂಬುವುದಿಲ್ಲ ಎಂದಿದ್ದ, ಅವನೇ ತನ್ನ ಸಂತ ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಅಪ್ಪನಿಗೂ ಆ ಸಂತನ ಕಥೆ ಶುರುವಾಯಿತು. ಅರಮನೆ ಕಟ್ಟು ಎಂದು ರಾಜನೊಬ್ಬ ತೋಮಾಸನಿಗೆ ಹಣ ಕೊಟ್ಟನಂತೆ. ತೋಮಾಸ ಅದನ್ನೆಲ್ಲ ಬಡವರಿಗೆ ಹಂಚಿಬಿಟ್ಟ. ರಾಜ ಬಂದು ನೋಡಿದರೆ ಬಯಲು ನೆಲ. ನಿನ್ನ ಅರಮನೆ ಸ್ವರ್ಗದಲ್ಲಿ ತಯಾರಾಗಿದೆ ಎಂದನಂತೆ ಸಂತ. ಹಿಂದಿನ ದಿನವಷ್ಟೇ ಸುಣ್ಣ, ಕಲ್ಲಿಗೆಂದು ಹಣ ಕೊಟ್ಟಿದ್ದ ಅಪ್ಪನ ಕೈಯಲ್ಲಿನ ರೊಟ್ಟಿ ಅಲ್ಲೇ ನಿಂತಿತು.

"ಗೌಂಡಿ, ನಂದು ಬಬಲೇಶ್ವರದಾಗ ಕಟ್ಟಪಾ. ಮ್ಯಾಲಿನ ಜಾಗಾ ಆಮ್ಯಾಲ ನೋಡೂಣು."

ಮರುದಿನದಿಂದ ಅಪ್ಪ ಕಟ್ಟಡದ ಎದುರಿಗೇ ಹೊರಸು ಹಾಕಿಕೊಂಡು ಕುಳಿತರು.

ಜುಲೈ ಬಂತೆಂದರೆ ಕೆಲಸ ಎಲ್ಲಿರುತ್ತದೋ ಅಲ್ಲಿಗೇ ನಿಲ್ಲುತ್ತಿತ್ತು. ವಿಜಾಪುರದ ಚರ್ಚಿನಲ್ಲಿ ತೋಮಾಸನ ಹಬ್ಬ. ಆಗ ಅಲ್ಲಿದ್ದ ಕ್ಯಾಥೊಲಿಕರೆಂದರೆ ರೈಲ್ವೆಯ ನಾಲ್ಕಾರು ಕುಟುಂಬಗಳು, ಕೆಲವು ನರ್ಸಮ್ಮಂದಿರು. ಪೂಜೆಯಾದ ಮೇಲೆ ಸಂತನ ಜೀವನ ಹೇಳುವ ಹಕ್ಕು ಕಾಕಾನದು. ಜೆರುಸಲೇಮಿನಿಂದ ಹೊರಟ ಕಥೆ ಹಡಗು ಹತ್ತಿ ಹಿಂದೂಸ್ಥಾನಕ್ಕೆ ಬರುವಷ್ಟರಲ್ಲಿ ನರ್ಸಮ್ಮಂದಿರು ಡ್ಯೂಟಿಗೆ, ರೈಲ್ವೆಯವರು ಸ್ಟೇಶನ್ನಿಗೆ ಹೋಗಿರುತ್ತಿದ್ದರು. ಹೋಗಲಾಗದ ಪಾದ್ರಿಗಳು ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು. ಕಾಕಾ ಮಾತ್ರ ಒಂದು ಊರನ್ನೂ ಬಿಡದೆ ಹೇಳಿ ಮುಗಿಸುತ್ತಿದ್ದರು.

ವರ್ಷಗಳು ಕಳೆದಂತೆ ರೈಲ್ವೆಯವರಿಗೆ ವರ್ಗವಾಯಿತು. ನರ್ಸಮ್ಮಂದಿರೂ ಒಬ್ಬೊಬ್ಬರಾಗಿ ಊರು ಬಿಟ್ಟರು. ಒಂದು ಹಬ್ಬಕ್ಕೆ ಕಾಕಾ ನನ್ನನ್ನೂ ಕರೆದಿದ್ದರು. ಶಾಲೆ ಮುಗಿಸಿ ಹೋಗುವಾಗ ಮಧ್ಯಾಹ್ನ ತಿರುಗಿತ್ತು. ಪಾದ್ರಿಗಳು ಪೂಜೆ ಮುಗಿಸಿ ಬೇರೆ ಊರಿಗೆ ಹೋಗಿಯಾಗಿತ್ತು. ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಖಾಲಿ ಬೆಂಚುಗಳ ಎದುರು ನಿಂತು ಕಥೆ ಹೇಳುತ್ತಿದ್ದರು. ನನ್ನನ್ನು ನೋಡಿದ್ದೇ ಮತ್ತೆ ಜೆರುಸಲೇಮಿನಿಂದ ಶುರುಮಾಡಿದರು. ತಪ್ಪಿಸಿಕೊಳ್ಳುವುದೆಲ್ಲಿಗೆ?

ಗಾಯದ ಹತ್ತಿರ ಬಂದಾಗ ದನಿ ನಿಂತಿತು. ಇಷ್ಟು ಮಂದಿ ಸಂತರಲ್ಲಿ ಇವನನ್ನೇ ಯಾಕೆ ಹಿಡಿದುಕೊಂಡಿರಿ ಎಂದು ನಾನು ನಗುತ್ತಲೇ ಕೇಳಿದೆ.

ಆಗ ಹೇಳಿದರು. ಅವರು ಇಲ್ಲಿ ಕೆಲಸದಲ್ಲಿದ್ದಾಗ ಕಡಲ ಕಡೆಯ ಊರಿನಲ್ಲಿ ಹೆಂಡತಿ ಜ್ವರದಿಂದ ತೀರಿಕೊಂಡರು. ತಂತಿ ತಲುಪಿ ಇವರು ಹೋಗುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ನಂಬಲಾಗದೆ, ಒಮ್ಮೆ ಮಣ್ಣು ತೆಗೆಯಿರಿ, ನೋಡುತ್ತೇನೆ ಎಂದು ಬೇಡಿಕೊಂಡರು. ಬಳಗದವರು ಹುಚ್ಚ ಎಂದರು, ದೇವರ ಮೇಲೆ ವಿಶ್ವಾಸವಿಲ್ಲದವನು ಎಂದು ಬೈದರು. ಮತ್ತೆ ಅವರು ಆ ಊರಿಗೆ ಹೋಗಲೇ ಇಲ್ಲ.

"ತೋಮಾಸಗ ಗುರು ಬೈಲಿಲ್ರಿ ಅಕ್ಕಾರ," ಎಂದರು ಕಾಕಾ. "ಬಾ, ಮುಟ್ಟು ಅಂದ. ನನಗ ಯಾರೂ ಹಂಗ ಅನ್ನಲಿಲ್ಲ."

ನಾನು ಅವರ ಹೆಂಡತಿಯ ಹೆಸರೇನಿತ್ತು ಎಂದು ಕೇಳಿದೆ. ಕಾಕಾ ಮೆಲ್ಲಗೆ ಆ ಹೆಸರು ಹೇಳಿದರು. ಬೆಂಚಿನ ಮೇಲೆ ಕುಳಿತರು. ಆಕೆ ಮೀನು ಹುರಿಯುತ್ತ ಹಾಡಿಕೊಳ್ಳುತ್ತಿದ್ದುದನ್ನು, ತುಂಬಿದ ಹೊಳೆಗೆ ಹೆದರದವಳು ಜಿರಳೆ ಕಂಡರೆ ಮಂಚ ಹತ್ತುತ್ತಿದ್ದುದನ್ನು ಹೇಳುತ್ತ ಹೋದರು. ಒಮ್ಮೆ ನಕ್ಕೂಬಿಟ್ಟರು. ಅಂದು ಸಂಜೆಯವರೆಗೆ ಅವರು ಸಂತ ತೋಮಾಸನನ್ನು ಪೂರ್ತಿ ಮರೆತಿದ್ದರು. ನಾನೂ ನೆನಪಿಸಲಿಲ್ಲ.